ದೇವರ ಪ್ರೀತಿಗೂ ಮುಯ್ಯಿ ತೀರಿಸಬೇಕಾ?

ತುಮಕೂರಿನ ಅಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಮಗಳಿಗೆ ಹದಿನಾಲ್ಕು ವರ್ಷ, ದೃಢೀಕರಣದ (ನಂಬಿಕೆಯನ್ನು ತಾನೇ ಒಪ್ಪಿ ಸಭೆಯ ಪೂರ್ಣ ಸದಸ್ಯೆ ಆಗುವ ವಿಧಿ) ಕ್ಲಾಸಿಗೆ ಹೋಗುತ್ತಿದ್ದಾಳೆ. ಹೋದ ಭಾನುವಾರ ಚರ್ಚಿನಲ್ಲಿ ಅಯ್ಯನವರ (ನಮ್ಮ ಪಾದ್ರಿ) ಪ್ರಸಂಗ ಜೋರಾಗಿತ್ತು. ದೇವರು ತನ್ನ ಮಗನನ್ನೇ ಕೊಟ್ಟರು, ನೀವು ತಿರುಗಿ ಏನು ಕೊಟ್ಟಿರಿ? ಪ್ರೀತಿಸಿದವರನ್ನು ತಿರುಗಿ ಪ್ರೀತಿಸದವರಿಗೆ ಏನಂತೀರಿ? ದೇವರನ್ನು ಪ್ರೀತಿಸುವುದು ಕ್ರೈಸ್ತನ ಕರ್ತವ್ಯ. ಹೀಗೆ ಮುಕ್ಕಾಲು ಗಂಟೆ.

ಸ್ಕೂಟರ್‌ನಲ್ಲಿ ಬರುವಾಗ ಹಿಂದಿನಿಂದ ಮಗಳು ಕೇಳಿದಳು: "ಅಪ್ಪಾ, ಇದು ಅಜ್ಜಿ ಮುಯ್ಯಿ ಪುಸ್ತಕದ ತರಹಾನೇ ಅಲ್ವಾ?"

ನಮ್ಮಮ್ಮನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಕೆಂಪು ಬೈಂಡು. 1994ರಲ್ಲಿ ನಮ್ಮಕ್ಕನ ಮದುವೆಗೆ ಯಾರು 51 ಹಾಕಿದರು, ಯಾರು 101, ಯಾರು ಸ್ಟೀಲ್ ಕೊಡ ಕೊಟ್ಟರು, ಎಲ್ಲ ಅದರಲ್ಲಿದೆ. ಅವರ ಮನೆಯ ಮದುವೆಗೆ ನಾವು ಅಷ್ಟೇ, ಇಲ್ಲ ಒಂದು ಕೈ ಜಾಸ್ತಿ ಹಾಕಿ ಬಂದ ಮೇಲೆ ಆ ಸಾಲಿಗೆ ಒಂದು ಟಿಕ್ ಬೀಳುತ್ತಿತ್ತು. ಇಡೀ ಪುಸ್ತಕದಲ್ಲಿ ಒಂದೇ ಒಂದು ಸಾಲಿಗೆ ಟಿಕ್ ಇಲ್ಲ.

ಮಗಳಿಗೆ ಏನೋ ಹೇಳಿ ಸುಮ್ಮನಾಗಿಸಿದೆ. ಆದರೆ ನಾನೇ ಸುಮ್ಮನಾಗಲಿಲ್ಲ. ನಿಜ ಹೇಳಬೇಕಂದ್ರೆ ಆ ಪ್ರಸಂಗ ಕೇಳುತ್ತಾ ನನಗೆ ಏನೂ ಅನಿಸಲಿಲ್ಲ. ಪ್ರೀತಿಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಪ್ರೀತಿ ಕರ್ತವ್ಯ ಆಗೋಕೆ ಸಾಧ್ಯಾನಾ? ಕರ್ತವ್ಯ ಅಂತ ಮಾಡಿದ್ದು ಪ್ರೀತಿ ಹೇಗಾಗುತ್ತೆ? ತಿಳಿದವರು ಹೇಳಿ.

ಸಂಡೇ ಸ್ಕೂಲ್ ಟೀಚರ್

ಅಣ್ಣಾ, ಮಗಳು ಚೂಟಿ ಇದ್ದಾಳೆ. ಆದರೆ ಉತ್ತರ ಸುಲಭ. ಬೈಬಲಿನ ಧರ್ಮೋಪದೇಶಕಾಂಡ 6:5, ನಿನ್ನ ದೇವರನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸಬೇಕು. ಇದೇ ಮೊದಲನೆಯ, ದೊಡ್ಡ ಆಜ್ಞೆ ಅಂತ ಯೇಸುಸ್ವಾಮಿಯೇ ಮತ್ತಾಯ 22ರಲ್ಲಿ ಹೇಳಿದ್ದಾರೆ. ಆಜ್ಞೆ ಅಂದ ಮೇಲೆ ಕರ್ತವ್ಯವೇ. ಅನಿಸೋದು ಬಿಡೋದು ಆಮೇಲೆ.

ನಾಸ್ತಿಕ ನಾಣಿ

ಆಜ್ಞೆ ಕೊಟ್ಟು ಪ್ರೀತಿ ಮಾಡಿಸೋದು ಎಲ್ಲಾದರೂ ಉಂಟಾ ಮಾರಾಯ್ರೆ? ನಾಳೆಯಿಂದ ನನ್ನನ್ನು ಪ್ರೀತಿಸು, ಇಲ್ಲದಿದ್ದರೆ ಬೆಂಕಿಗೆ ಹಾಕ್ತೇನೆ ಅಂತ ಒಬ್ಬ ಹುಡುಗ ಹುಡುಗಿಗೆ ಹೇಳಿದರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀರಿ ಅಲ್ವಾ?

ಸಂಡೇ ಸ್ಕೂಲ್ ಟೀಚರ್

ನಾಣಿ ಅವರೇ, ನೀವು ಪ್ರತಿ ಚರ್ಚೆಗೂ ಇದೇ ಬೆಂಕಿ ತರ್ತೀರಿ. ಕಳೆದ ಸಲ ಕೇಕ್ ರೆಸಿಪಿ ಚರ್ಚೆಗೂ ತಂದಿದ್ರಿ.

ನಾಸ್ತಿಕ ನಾಣಿ

ಅಲ್ಲಿ ಓವನ್ ಇತ್ತು, ಅದಕ್ಕೆ.

ಹಳೇ ಕಪಾಟು

6:5ರ ಬಗ್ಗೆ ಒಂದು ವಿಷಯ. ಅಲ್ಲಿ ಬರುವ "ಪ್ರೀತಿಸು" ಅನ್ನೋದನ್ನು ನಾವು ಈಗಿನ ಸಿನಿಮಾ ಪ್ರೀತಿಯ ಅರ್ಥದಲ್ಲಿ ಓದಿ ಗೊಂದಲ ಮಾಡಿಕೊಳ್ಳುತ್ತೇವೆ. ಆ ಕಾಲದಲ್ಲಿ ದೊಡ್ಡ ರಾಜ ಸಾಮಂತರ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಇದೇ ಮಾತು ಬಳಸುತ್ತಿದ್ದರು. ಅಶ್ಶೂರದ ದೊರೆ ಏಸರ್‌ಹದ್ದೋನ ಕ್ರಿ.ಪೂ. 672ರಲ್ಲಿ ಸಾಮಂತರಿಂದ ಪ್ರಮಾಣ ಮಾಡಿಸಿಕೊಂಡ. ನನ್ನ ಮಗ ಅಶ್ಶೂರ್‌ಬನಿಪಾಲನನ್ನು ನಿಮ್ಮ ಪ್ರಾಣದಂತೆ ಪ್ರೀತಿಸಬೇಕು ಅಂತ ಅದರಲ್ಲಿದೆ. ಆ ಮಣ್ಣಿನ ಹಲಗೆಗಳು 1955ರಲ್ಲಿ ಇರಾಕಿನ ನಿಮ್ರೂದ್‌ನಲ್ಲಿ ಸಿಕ್ಕವು. ಅಲ್ಲಿ ಪ್ರೀತಿಸು ಅಂದರೆ ಪಕ್ಷ ಬದಲಿಸಬೇಡ, ಬೆನ್ನಿಗೆ ಚೂರಿ ಹಾಕಬೇಡ ಅಂತ. 1963ರಲ್ಲಿ ವಿಲಿಯಂ ಮೋರನ್ ಅನ್ನುವ ವಿದ್ವಾಂಸರು ಇದನ್ನು ಧರ್ಮೋಪದೇಶಕಾಂಡದ ಜೊತೆ ಇಟ್ಟು ತೋರಿಸಿದರು.

ಅಂದರೆ ಎದೆ ಢವಢವ ಅನ್ನಬೇಕು ಅಂತ ಆಜ್ಞೆ ಅಲ್ಲ. ನಿಷ್ಠೆಯಿಂದ ಇರು ಅಂತ. ನಿಷ್ಠೆಯನ್ನು ಕೇಳಬಹುದು, ಕೊಡಲೂಬಹುದು.

ಕಲ್ಯಾಣದ ಕಡೆಯವ

ನಾನು ಕ್ರೈಸ್ತನಲ್ಲ, ವಚನ ಓದಿಕೊಂಡವನು. ಕಪಾಟು ಸರ್ ಹೇಳಿದ್ದು ಚೆನ್ನಾಗಿದೆ, ಆದರೆ ಬರೀ ನಿಷ್ಠೆ ಅಂದರೆ ಏನೋ ಬೋಳು ಬೋಳು. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನ ಮೇಲೆ ಇದ್ದದ್ದು ಒಪ್ಪಂದದ ನಿಷ್ಠೆ ಅಂತ ಯಾರಾದರೂ ಹೇಳಿದರೆ ನಗು ಬರುತ್ತೆ. ನಿಮ್ಮಲ್ಲಿ ಅಂಥವರು ಯಾರೂ ಇಲ್ವಾ?

ಹಳೇ ಕಪಾಟು

ಇದ್ದಾರೆ, ಬೇಕಾದಷ್ಟು. ಬಸವಣ್ಣನವರ ಶತಮಾನದಲ್ಲೇ ಫ್ರಾನ್ಸ್‌ನಲ್ಲಿ ಬರ್ನಾರ್ಡ್ ಅಂತ ಒಬ್ಬ ಸನ್ಯಾಸಿ ಇದ್ದರು, ಕ್ಲೇರ್ವೋ ಮಠದವರು, 1153ರಲ್ಲಿ ತೀರಿಕೊಂಡರು. ದೇವರನ್ನು ಪ್ರೀತಿಸುವ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಎಷ್ಟು ಪ್ರೀತಿಸಬೇಕು ಅಂದರೆ, ಅಳತೆ ಇಲ್ಲದೆ ಪ್ರೀತಿಸುವುದೇ ಅಳತೆ ಅಂತಾರೆ.

ಅವರು ನಾಲ್ಕು ಮೆಟ್ಟಿಲು ಹೇಳುತ್ತಾರೆ. ಮೊದಲು ಮನುಷ್ಯ ತನಗೋಸ್ಕರ ತನ್ನನ್ನೇ ಪ್ರೀತಿಸುತ್ತಾನೆ. ಆಮೇಲೆ ತನಗೋಸ್ಕರ ದೇವರನ್ನು. ಆಮೇಲೆ ದೇವರಿಗೋಸ್ಕರ ದೇವರನ್ನು. ಕೊನೆಗೆ ದೇವರಿಗೋಸ್ಕರ ತನ್ನನ್ನು. ನಾಲ್ಕನೆಯದನ್ನು ನಾನು ಮೂವತ್ತು ವರ್ಷದಿಂದ ಓದುತ್ತಿದ್ದೇನೆ, ಈಗಲೂ ಪೂರ್ತಿ ತಲೆಗೆ ಹೋಗಿಲ್ಲ.

ಗದಗಿನ ಗೆಳೆಯ

ನಾವೆಲ್ಲ ಎರಡನೇ ಮೆಟ್ಟಿಲಲ್ಲೇ ಸಾಲು ಹಚ್ಚಿ ನಿಂತೇವಿ ಬಿಡ್ರಿ ಸರ್. ಪರೀಕ್ಷೆ ಬಂದರೆ ಪ್ರೀತಿ, ಸಾಲ ತೀರಿದರೆ ಸ್ತೋತ್ರ.

ಅಂದಹಾಗೆ ಮುಯ್ಯಿಗೆ ನಮ್ಮ ಕಡೆ ಆಹೇರ ಅಂತೀವಿ. ಬಟ್ಟೆ ಕೊಟ್ಟವರಿಗೆ ಬಟ್ಟೆ. ಕಡಿಮೆ ಬೆಲೆಯದು ಕೊಟ್ಟರೆ ಮೂರು ತಲೆಮಾರು ಮಾತು.

ಕರಾವಳಿ ಬಾಯಿ

ನಮ್ಮ ಸಣ್ಣತನದಲ್ಲಿ ವಿಶ್ವಾಸ, ಭರವಸೆ, ಪ್ರೀತಿ ಅಂತ ಮೂರು ಜಪ ಬಾಯಿಪಾಠ ಮಾಡಿಸುತ್ತಿದ್ದರು. ದೇವರೇ, ನಾನು ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಪ್ರೀತಿಸುತ್ತೇನೆ ಅಂತ. ಹೇಳುವಾಗ ನನ್ನ ಗಮನ ಅಡುಗೆಮನೆಯಲ್ಲಿ ಕುದಿಯುವ ಮೀನಿನ ಸಾರಿನ ಮೇಲೆ. ಅಮ್ಮ ಹಿಂದಿನಿಂದ ತಲೆಗೆ ಒಂದು ಮೊಟಕುತ್ತಿದ್ದರು, ಸರಿ ಹೇಳು ಅಂತ. ಪ್ರೀತಿಯ ಜಪಕ್ಕೆ ತಿಂದ ಪೆಟ್ಟು ಎಷ್ಟೋ!

ಹಳೇ ಕಪಾಟು

ಬಾಯಮ್ಮ, ನಿಮ್ಮ ಆ ಜಪದ ಹಿಂದೆ ದೊಡ್ಡ ಜಗಳವೇ ಇದೆ. 17ನೇ ಶತಮಾನದಲ್ಲಿ ಕಥೋಲಿಕ ಪಂಡಿತರು ಕೂತು ಚರ್ಚೆ ಮಾಡಿದರು. ದೇವರನ್ನು ಪ್ರೀತಿಸಬೇಕು ಅನ್ನೋದು ಆಜ್ಞೆ ತಾನೇ, ಹಾಗಾದರೆ ಕಡಿಮೆ ಪಕ್ಷ ಎಷ್ಟು ಸಲ? ಒಬ್ಬರು ವರ್ಷಕ್ಕೊಮ್ಮೆ ಅಂದರು. ಇನ್ನೊಬ್ಬರು ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು ಅಂದರು. ಸಾಯೋ ಹೊತ್ತಲ್ಲಿ ಒಂದು ಸಲ ಪ್ರೀತಿಸಿದರೆ ನಡೆಯುತ್ತೆ ಅಂದವರೂ ಇದ್ದರು. ಪಾಸ್ಕಲ್, ಗಣಿತದ ಪಾಸ್ಕಲ್ಲೇ, 1656ರಲ್ಲಿ ತನ್ನ 'ಪ್ರಾಂತೀಯ ಪತ್ರಗಳು' ಸರಣಿಯ ಹತ್ತನೇ ಪತ್ರದಲ್ಲಿ ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ ಗೇಲಿ ಮಾಡಿದ. ಕೊನೆಗೆ 1679ರಲ್ಲಿ ಪೋಪ್ ಹನ್ನೊಂದನೇ ಇನ್ನೊಸೆಂಟ್ ಅವರೇ 65 ವಾದಗಳನ್ನು ತಪ್ಪು ಅಂತ ಖಂಡಿಸಿದರು. ಅದರಲ್ಲಿ ಒಂದು, ಐದು ವರ್ಷಕ್ಕೊಮ್ಮೆ ದೇವರನ್ನು ಪ್ರೀತಿಸಬೇಕು ಅನ್ನೋದೂ ಕಡ್ಡಾಯ ಅಲ್ಲದೆ ಇರಬಹುದು ಅನ್ನುವ ವಾದ.

ಗದಗಿನ ಗೆಳೆಯ

ಐದು ವರ್ಷಕ್ಕೊಮ್ಮೆ ಪ್ರೀತಿ ಮಾಡೋರು ನಮ್ಮ ಎಮ್ಮೆಲ್ಲೆಗಳು 😂

ನಾಸ್ತಿಕ ನಾಣಿ

ನೋಡಿ, ಇದನ್ನೇ ನಾನು ಹೇಳಿದ್ದು. ಪ್ರೀತಿಯನ್ನು ಕಾನೂನು ಮಾಡಿದರೆ ಕಡೆಗೆ ಕನಿಷ್ಠ ಹಾಜರಾತಿ ಎಷ್ಟು ಅನ್ನುವ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಶೇಕಡಾ 75 ಇದ್ದರೆ ಪರೀಕ್ಷೆಗೆ ಕೂರಬಹುದು ಅನ್ನೋ ತರಹ.

ತುಮಕೂರಿನ ಅಪ್ಪ

ನಾಣಿ ಅವರ ಮಾತು ನನಗೂ ಚುಚ್ಚುತ್ತಿದೆ. ಕಪಾಟು ಸರ್, ನಿಷ್ಠೆ ಅಂದರೆ ಒಪ್ಪಿದೆ. ಆದರೆ ಅಯ್ಯನವರು ಹೇಳಿದ್ದು ಅದಲ್ಲ. ಅವರು ಹೇಳಿದ್ದು "ಅವರು ಇಷ್ಟು ಕೊಟ್ಟರು, ನೀನು ತಿರುಗಿ ಕೊಡು." ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಅಂತ ಬೆಳೆದ ಜನ ನಾವು. ಹಂಗಿನಲ್ಲಿ ಇರೋನಿಗೆ ಪ್ರೀತಿ ಹುಟ್ಟುತ್ತಾ?

ರಾತ್ರಿ ಪಾಳಿ

ಇಷ್ಟು ಹೊತ್ತು ಓದುತ್ತಿದ್ದೆ, ಡ್ಯೂಟಿಯಲ್ಲಿ ಬರೆಯೋಕೆ ಆಗಲಿಲ್ಲ. ನಾನು ನರ್ಸ್.

ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ಲಕ್ವಾ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು, ಮಾತೂ ಇಲ್ಲ. ಅವರ ಹೆಂಡತಿ ಮೂರು ಹೊತ್ತೂ ಗಂಜಿ ಕುಡಿಸೋರು. ಒಂದು ಚಮಚ ಒಳಗೆ ಹೋದರೆ ಅರ್ಧ ಹೊರಗೆ. ಸೆರಗಿನ ತುದಿಯಲ್ಲಿ ಒರೆಸೋದು, ಮತ್ತೆ ಒಂದು ಚಮಚ. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ. ಆ ಅಜ್ಜ ಒಳ್ಳೆಯ ಗಂಡನೇನಲ್ಲ ಅಂತ ವಾರ್ಡಿಗೆಲ್ಲ ಗೊತ್ತಿತ್ತು, ಅಜ್ಜಿಯೇ ಹೇಳಿಕೊಂಡಿದ್ದರು. ಒಂದು ರಾತ್ರಿ ನಾನು ಸುಮ್ನೆ ಕೇಳಿದೆ, "ಅಜ್ಜಿ, ಇವರ ಮೇಲೆ ಇನ್ನೂ ಪ್ರೀತಿ ಇದೆಯಾ?" ಅಜ್ಜಿ ನನ್ನನ್ನು ಪೆದ್ದಿ ಅನ್ನೋ ಹಾಗೆ ನೋಡಿದರು. "ಪ್ರೀತಿಯೋ ಗೀತಿಯೋ, ಗಂಜಿ ಆರಿಹೋಗುತ್ತೆ, ಆ ಟವೆಲ್ ಕೊಡು" ಅಂದರು.

ತುಮಕೂರಿನ ಅಣ್ಣ, ಪ್ರಸಂಗ ಕೇಳುವಾಗ ಏನೂ ಅನಿಸಲಿಲ್ಲ ಅಂದಿರಲ್ಲ, ಅದಕ್ಕೆ ಹೇಳಿದೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಲ್ಲರಿಗೂ ಶಾಕ್ ಆಯಿತು. ಹತ್ತಾರು ವರ್ಷ ಅವರಿಗೆ ದೇವರು ಇದ್ದಾರೆ ಅಂತಲೇ ಅನಿಸುತ್ತಿರಲಿಲ್ಲ, ಒಳಗೆಲ್ಲ ಕತ್ತಲು. ಆದರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಕಲ್ಯಾಣದ ಕಡೆಯವ

ಗಂಜಿ ಅಜ್ಜಿಗೆ ಶರಣು.

ನಾಸ್ತಿಕ ನಾಣಿ

ಅಕ್ಕ, ಅಜ್ಜಿಯ ಕತೆ ಮನಸ್ಸಿಗೆ ತಟ್ಟಿತು. ಆದರೆ ಒಂದು ಮಾತು ಹೇಳಲೇಬೇಕು. ಕೆಟ್ಟ ಗಂಡನಿಗೂ ಹೆಂಗಸು ಗಂಜಿ ಕುಡಿಸಲೇಬೇಕು ಅಂತ ನಾವು ತಲೆತಲಾಂತರದಿಂದ ಅವರ ತಲೆಗೆ ತುಂಬಿದ್ದೇವೆ. ಅದನ್ನು ಪ್ರೀತಿ ಅಂತ ಹೊಗಳಿ ಬಿಟ್ಟರೆ ಆಯಿತಾ?

ರಾತ್ರಿ ಪಾಳಿ

ನಾನು ಹೊಗಳಲಿಲ್ಲ. ಕಂಡದ್ದು ಬರೆದೆ. ನಿಮ್ಮ ಮಾತೂ ಸರಿ ಇದೆ.

ಸಂಡೇ ಸ್ಕೂಲ್ ಟೀಚರ್

ಇವತ್ತು ನಾಣಿ ಅವರ ಮಾತಿಗೆ ನಾನೂ ಲೈಕ್ ಒತ್ತಿದೆ. ಬರೆದಿಟ್ಟುಕೊಳ್ಳಿ.

ಆದರೆ ಹಂಗಿನ ಬಗ್ಗೆ ಒಂದು ಮಾತು. ಲೂಕ 7 ತೆಗೆಯಿರಿ. ಸೀಮೋನ ಅನ್ನುವ ಫರಿಸಾಯನ (ಧರ್ಮದ ಕಟ್ಟಳೆಯಲ್ಲಿ ಕಟ್ಟುನಿಟ್ಟಿನ ಯೆಹೂದಿ ಪಂಥದವನ) ಮನೆಯಲ್ಲಿ ಊಟ. ಊರೆಲ್ಲ ಪಾಪಿಷ್ಠೆ ಅನ್ನುವ ಒಬ್ಬ ಹೆಂಗಸು ಸುಗಂಧ ತೈಲದ ಭರಣಿ ತಂದು, ಯೇಸುವಿನ ಪಾದದ ಹತ್ತಿರ ನಿಂತು ಅಳುತ್ತಾಳೆ. ಕಣ್ಣೀರು ಪಾದದ ಮೇಲೆ ಬೀಳುತ್ತೆ, ತಲೆಗೂದಲಲ್ಲಿ ಒರೆಸುತ್ತಾಳೆ. ಸೀಮೋನನ ಮುಖ ಗಂಟಾಗುತ್ತೆ. ಆಗ ಯೇಸು ಒಂದು ಕತೆ ಹೇಳುತ್ತಾರೆ. ಒಬ್ಬ ಸಾಹುಕಾರನಿಗೆ ಇಬ್ಬರು ಸಾಲಗಾರರು. ಒಬ್ಬ 500 ದಿನಾರಿ ಕೊಡಬೇಕು, ಇನ್ನೊಬ್ಬ 50. ಆಗ ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಇಬ್ಬರ ಹತ್ತಿರವೂ ಬಿಡಿಗಾಸಿಲ್ಲ. ಸಾಹುಕಾರ ಇಬ್ಬರ ಸಾಲವನ್ನೂ ಬಿಟ್ಟುಬಿಟ್ಟ. ಯಾರಿಗೆ ಅವನ ಮೇಲೆ ಪ್ರೀತಿ ಜಾಸ್ತಿ?

ಇದನ್ನು ನಾನು ಕ್ಲಾಸಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಆದರೆ ಮುಯ್ಯಿ ಪುಸ್ತಕದ ಮಾತು ಓದಿದ ಮೇಲೆ ಬೇರೆ ತರಹ ಕಂಡಿತು. ಸಾಹುಕಾರ ದುಡ್ಡಿನ ಬದಲು ಪ್ರೀತಿ ಕೊಡು ಅಂತ ಕೇಳಲಿಲ್ಲ. ಪುಸ್ತಕವನ್ನೇ ಹರಿದು ಹಾಕಿದ. ಪ್ರೀತಿ ಬಂದದ್ದು ಆಮೇಲೆ, ತಾನಾಗಿ. ಬದಲು ಕೇಳಿದ್ದರೆ ಅದು ಸಾಲ ಬಿಟ್ಟ ಹಾಗೆ ಹೇಗಾಗುತ್ತೆ, ಸಾಲದ ಹೆಸರು ಬದಲಿಸಿದ ಹಾಗಷ್ಟೇ.

ನಾನು ಮೊದಲು "ಉತ್ತರ ಸುಲಭ" ಅಂದಿದ್ದು ಸ್ವಲ್ಪ ಅವಸರ ಆಯ್ತು ಅನಿಸುತ್ತೆ.

ಕರಾವಳಿ ಬಾಯಿ

ಟೀಚರ್ ತಪ್ಪು ಒಪ್ಪಿಕೊಂಡ ದಿನ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಹಳೇ ಕಪಾಟು

ಟೀಚರ್ ಸರಿಯಾದ ಜಾಗಕ್ಕೆ ಬಂದರು. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗೋಣ. ಯೋಹಾನನ ಮೊದಲನೆಯ ಪತ್ರ, 4:11. ದೇವರು ನಮ್ಮನ್ನು ಇಷ್ಟು ಪ್ರೀತಿಸಿರುವಾಗ ನಾವು ಏನು ಮಾಡಬೇಕು? ಯಾರಾದರೂ ತಟ್ಟನೆ "ದೇವರನ್ನು ಪ್ರೀತಿಸಬೇಕು" ಅಂತ ಮುಗಿಸುತ್ತಾರೆ. ಪತ್ರದಲ್ಲಿ ಹಾಗಿಲ್ಲ. ನಾವೂ ಒಬ್ಬರನ್ನೊಬ್ಬರು ಪ್ರೀತಿಸಬೇಕು ಅಂತಿದೆ. ಅಲ್ಲಿ "ಬೇಕು" ಅನ್ನುವ ಜಾಗದಲ್ಲಿರುವ ಗ್ರೀಕ್ ಪದಕ್ಕೆ ಮೂಲದಲ್ಲಿ ಸಾಲ ಇರುವುದು, ಬಾಕಿ ಇರುವುದು ಅನ್ನುವ ಅರ್ಥ. ಅಂದರೆ ಋಣ ಇದೆ. ಇಲ್ಲ ಅಂತ ಯಾರೂ ಹೇಳುತ್ತಿಲ್ಲ. ಆದರೆ ತೀರಿಸುವ ವಿಳಾಸ ಬದಲಾಗಿದೆ.

4:19ನೂ ನೋಡಿ. ಹಳೆಯ ಇಂಗ್ಲಿಷ್ ಬೈಬಲಿನಲ್ಲಿ "ಆತನು ಮೊದಲು ಪ್ರೀತಿಸಿದ್ದರಿಂದ ನಾವು ಆತನನ್ನು ಪ್ರೀತಿಸುತ್ತೇವೆ" ಅನ್ನುವ ಅರ್ಥ ಬರುತ್ತದೆ. ಆದರೆ ವ್ಯಾಟಿಕನ್‌ನಲ್ಲಿರುವ 4ನೇ ಶತಮಾನದ ಪ್ರತಿಯಲ್ಲಿ ಆ "ಆತನನ್ನು" ಇಲ್ಲ. ಬರೀ "ನಾವು ಪ್ರೀತಿಸುತ್ತೇವೆ" ಅಷ್ಟೇ. ನಮ್ಮ ಕನ್ನಡ ಬೈಬಲಿನಲ್ಲಿ ಹೇಗಿದೆ, ತೆಗೆದು ನೋಡಿ.

ಹೊಸಬ

ನಮಸ್ತೆ, ಮೊದಲ ಸಲ ಬರೀತಿದ್ದೀನಿ. ಕಪಾಟು ಸರ್ ಹೇಳೋದು ಒಪ್ಪಲ್ಲ. ಹೀಗೆ ಹೇಳ್ತಾ ಹೇಳ್ತಾ ಧರ್ಮ ಅಂದರೆ ಬರೀ ಸಮಾಜಸೇವೆ ಆಗಿಬಿಡುತ್ತೆ. ಅನ್ನದಾನ ಮಾಡಿದೆ, ರಕ್ತದಾನ ಮಾಡಿದೆ, ಮುಗೀತು. ಪ್ರಾರ್ಥನೆ ಯಾಕೆ, ಆರಾಧನೆ ಯಾಕೆ? ಎರಡು ಆಜ್ಞೆ ಕೊಟ್ಟಿದ್ದಾರೆ. ನೆರೆಯವನನ್ನು ಪ್ರೀತಿಸು ಅನ್ನೋದು ಎರಡನೇದು. ಮೊದಲನೇದನ್ನು ಎರಡನೇದರಲ್ಲಿ ಕರಗಿಸೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು?

ನಮ್ಮಪ್ಪ ಆಟೋ ಓಡಿಸ್ತಿದ್ರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಗಾಡಿ ಒರೆಸೋ ಮೊದಲು ಹತ್ತು ನಿಮಿಷ ಮೊಣಕಾಲೂರಿ ಕೂರ್ತಿದ್ರು. ಏನೂ ಕೇಳ್ತಿರಲಿಲ್ಲ. ಏನು ಪ್ರಾರ್ಥನೆ ಮಾಡ್ತೀಯಪ್ಪಾ ಅಂದ್ರೆ "ಸುಮ್ನೆ ಕೂತ್ಕೊಂಡಿದ್ದೆ ಕಣೋ" ಅಂತಿದ್ರು. ಅದರಿಂದ ಯಾವ ನೆರೆಯವನಿಗೂ ನಯಾಪೈಸೆ ಲಾಭ ಆಗಲಿಲ್ಲ. ಹಾಗಂತ ಅದು ಪ್ರೀತಿ ಅಲ್ವಾ?

ಹಳೇ ಕಪಾಟು

ಹೊಸಬರೇ, ಸೋತೆ. ನಿಮ್ಮ ತಂದೆಯ ಹತ್ತು ನಿಮಿಷಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. "ವಿಳಾಸ ಬದಲಾಗಿದೆ" ಅನ್ನೋದನ್ನು "ಎರಡು ವಿಳಾಸ ಇವೆ" ಅಂತ ತಿದ್ದಿಕೊಳ್ಳುತ್ತೇನೆ.

ರಾತ್ರಿ ಪಾಳಿ

ಯೇಸುವಿನ ಶಿಷ್ಯ ಪೇತ್ರನಿಗೂ ಎರಡೂ ಸಿಕ್ಕಿತಲ್ಲ. ಯೋಹಾನ 21. ಕೆರೆ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಯೇಸುವೇ ಬಡಿಸುತ್ತಾರೆ. ಊಟ ಆದಮೇಲೆ ಮೂರು ಸಲ ಕೇಳುತ್ತಾರೆ, ನನ್ನನ್ನು ಪ್ರೀತಿಸುತ್ತೀಯಾ? ಪ್ರತಿ ಸಲ "ಹೌದು" ಅಂದಾಗ ಬಂದ ಉತ್ತರ "ಸರಿ, ಥ್ಯಾಂಕ್ಸ್" ಅಲ್ಲ, ನನ್ನ ಕುರಿಗಳನ್ನು ಮೇಯಿಸು ಅಂತ. ಆದರೆ ಮೊದಲು ಕೇಳಿದ್ದು ಕುರಿಗಳನ್ನಲ್ಲ, "ನನ್ನನ್ನು" ಅಂತಲೇ. ಮತ್ತೆ ಹೊಟ್ಟೆ ತುಂಬಿಸಿ ಆಮೇಲೆ ಕೇಳಿದರು, ಅದೂ ನನಗೆ ಇಷ್ಟ.

ಕರಾವಳಿ ಬಾಯಿ

ಮೀನು ಅಂದ ಕೂಡಲೇ ನನಗೆ ಹಸಿವಾಯಿತು. ಬಂಗುಡೆಯಾ ಏನು ಅದು?

ನಾಸ್ತಿಕ ನಾಣಿ

ಗಲಿಲಾಯ ಸಿಹಿನೀರಿನ ಸರೋವರ ಬಾಯಮ್ಮ, ಬಂಗುಡೆ ಸಿಗೋದಿಲ್ಲ. ಬೈಬಲ್ ನೀವು ಓದಿ, ಭೂಗೋಳ ನಾನು ಹೇಳ್ತೇನೆ.

ಕಲ್ಯಾಣದ ಕಡೆಯವ

ಒಂದು ಪ್ರಶ್ನೆ ಉಳೀತು. ದೇವರಿಗೆ ಏನೂ ಕೊರತೆ ಇಲ್ಲ ಅಂತೀರಿ. ಹಾಗಿದ್ದ ಮೇಲೆ ನಮ್ಮ ಪ್ರೀತಿಯಿಂದ ಅವನಿಗೆ ಆಗಬೇಕಾದ್ದೇನು? ಕೊಟ್ಟರೂ ಅವನದನ್ನೇ ಅವನಿಗೆ ಕೊಟ್ಟ ಹಾಗೆ.

ಸಂಡೇ ಸ್ಕೂಲ್ ಟೀಚರ್

ನಮ್ಮಲ್ಲೂ ಅದೇ ಮಾತು ಇದೆ ಸರ್. ದೇವಾಲಯ ಕಟ್ಟೋಕೆ ಜನ ಚಿನ್ನ ಬೆಳ್ಳಿ ತಂದು ಸುರಿದಾಗ ದಾವೀದ ರಾಜ ಹೇಳಿದ್ದು, ನಿನ್ನ ಕೈಯಿಂದ ಬಂದದ್ದನ್ನೇ ನಿನಗೆ ಕೊಟ್ಟಿದ್ದೇವೆ ಅಂತ. ಮೊದಲನೆಯ ಪೂರ್ವಕಾಲವೃತ್ತಾಂತ 29. ಕೀರ್ತನೆ 116 ಇನ್ನೂ ತಮಾಷೆ. ಆತ ಮಾಡಿದ ಉಪಕಾರಕ್ಕೆ ಏನು ಬದಲು ಕೊಡಲಿ ಅಂತ 12ನೇ ವಚನದಲ್ಲಿ ಕೇಳುತ್ತೆ. 13ರಲ್ಲಿ ಉತ್ತರ: ರಕ್ಷಣೆಯ ಪಾತ್ರೆಯನ್ನು ಎತ್ತಿಕೊಳ್ಳುತ್ತೇನೆ. ಏನು ಕೊಡಲಿ ಅಂತ ಕೇಳಿ, ಇನ್ನೊಂದು ಲೋಟ ತಗೋತೀನಿ ಅಂದ ಹಾಗೆ!

ನಮ್ಮ ಸುಗ್ಗಿ ಹಬ್ಬದ ಹರಾಜು ನೆನಪಾಯಿತು. ಹೋದ ವರ್ಷ ಒಬ್ಬರು ದೊಡ್ಡ ಸಿಹಿಗುಂಬಳ ಕಾಣಿಕೆ ತಂದಿದ್ದರು. ಒಬ್ಬರು 600ಕ್ಕೆ ಕೂಗಿ, ದುಡ್ಡು ಕೊಟ್ಟು, ಕಾಯಿ ವಾಪಸ್ ಮೇಜಿನ ಮೇಲೆ ಇಟ್ಟರು. ಮತ್ತೆ ಹರಾಜು, 850. ಅವರೂ ವಾಪಸ್ ಇಟ್ಟರು. ಮೂರನೇ ಸಲ 1,100. ಕೂಗೋ ಅಣ್ಣನ ಗಂಟಲು ಹೋಯಿತು, ಕುಂಬಳಕಾಯಿ ಮಾತ್ರ ಅಲ್ಲೇ ಇತ್ತು.

ಗದಗಿನ ಗೆಳೆಯ

ನಮ್ಮಲ್ಲಿ ಒಮ್ಮೆ ಹುಂಜ ಹಿಂಗೇ ನಾಲ್ಕು ಸಲ ಹರಾಜಾಗಿ, ಬೇಜಾರಾಗಿ ಹಗ್ಗ ಬಿಚ್ಚಿಕೊಂಡು ಗಾಯನ ಮಂಡಳಿ ಮೇಲೆ ಹಾರಿತ್ತು. ಸೊಪ್ರಾನೊ (ಎತ್ತರದ ದನಿಯ ಹೆಂಗಸರು) ಕಡೆ ಒಂದು ಹೊಸ ಸ್ವರ ಬಂತು ನೋಡ್ರಿ.

ತುಮಕೂರಿನ ಅಪ್ಪ

ನಗು ತಡೆಯೋಕೆ ಆಗ್ತಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದಮೇಲೆ ಮಗಳಿಗೆ ಪೂರ್ತಿ ಓದಿಸಿದೆ. ಗಂಜಿ ಅಜ್ಜಿಯ ಹತ್ತಿರ ಬಂದಾಗ ಸುಮ್ಮನಾದಳು. ಐದು ವರ್ಷದ ಹತ್ತಿರ ಜೋರಾಗಿ ನಕ್ಕಳು. ಎಲ್ಲ ಮುಗಿದ ಮೇಲೆ ಕೇಳಿದ್ದು ಮಾತ್ರ ಬೇರೆ: "ಅಜ್ಜಿ ಪುಸ್ತಕದಲ್ಲಿ ಟಿಕ್ ಇಲ್ಲದ ಸಾಲು ಯಾರದ್ದು?"

ಹೋಗಿ ಪುಸ್ತಕ ತೆಗೆದೆವು. ನಮ್ಮ ಬೀದಿಯ ಕೊನೇ ಮನೆಯ ಟೀಚರ್ ಅದು. ಅಕ್ಕನ ಮದುವೆಗೆ 251 ಹಾಕಿದ್ದರು, ಆಗ ಅದು ದೊಡ್ಡ ದುಡ್ಡು. ಅವರು ಮದುವೆ ಆಗಲಿಲ್ಲ, ಒಬ್ಬರೇ ಇದ್ದರು. ಹಾಗಾಗಿ ಮುಯ್ಯಿ ತೀರಿಸೋಕೆ ಆ ಮನೆಯಲ್ಲಿ ಮದುವೆಯೇ ನಡೆಯಲಿಲ್ಲ. ನನಗೆ ನೆನಪಿರೋದು ಇಷ್ಟು. ಪ್ರತಿ ಕ್ರಿಸ್ಮಸ್‌ಗೆ ಮೊದಲ ಡಬ್ಬಿ ಕರ್ಜಿಕಾಯಿ ಅವರ ಮನೆಗೆ ಹೋಗುತ್ತಿತ್ತು. ಅವರಿಗೆ ಕಣ್ಣಿನ ಆಪರೇಷನ್ ಆದಾಗ ಅಮ್ಮ ಹತ್ತು ದಿನ ಅಲ್ಲೇ ಇದ್ದರು. ಆದರೂ ಪುಸ್ತಕದಲ್ಲಿ ಟಿಕ್ ಹಾಕಿಲ್ಲ. ಮರೆತರೋ, ಬೇಕಂತಲೇ ಬಿಟ್ಟರೋ, ಈಗ ಕೇಳೋಕೆ ಅಮ್ಮ ಇಲ್ಲ.

ಮಗಳು ಪೆನ್ಸಿಲ್ ತಗೊಂಡು ಹಾಕಲಾ ಅಂದಳು. ಬೇಡ ಬಿಡು ಅಂದೆ.

ಮುಂದಿನ ವಾರ ಕ್ಲಾಸಲ್ಲಿ ಅಯ್ಯನವರಿಗೇ ಲೂಕ 7 ಕೇಳ್ತಾಳಂತೆ. ಅಯ್ಯನವರಿಗೆ ಮೊದಲೇ ಫೋನ್ ಮಾಡಿ ಹೇಳಲಾ ಬೇಡ್ವಾ ಅಂತ ಯೋಚಿಸ್ತಿದ್ದೀನಿ.

ಹಳೇ ಕಪಾಟು

ಹೇಳಬೇಡಿ.

ಹೊಸಬ

ಹೇಳಿ ಸರ್ ಪಾಪ.

ಕರಾವಳಿ ಬಾಯಿ

ಟೀಚರ್, ಆ ಕುಂಬಳಕಾಯಿ ಕಡೆಗೆ ಯಾರ ಮನೆಗೆ ಹೋಯಿತು?

ಸಂಡೇ ಸ್ಕೂಲ್ ಟೀಚರ್

ಮೂರನೆಯವರೂ ಬಿಟ್ಟು ಹೋದರು ಬಾಯಮ್ಮ. ಅಲ್ಲೇ ಹೆಚ್ಚಿ ಪಲ್ಯ ಮಾಡಿ ಮಧ್ಯಾಹ್ನದ ಊಟಕ್ಕೆ ಬಡಿಸಿದೆವು. ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು.